ಬೀಗ, ಕೀಲಿ ಮತ್ತು ಖೇಸರಿ ಬೇಳೆ

ಅನುವಾದ ಮಾಡಿ ಹೊಟ್ಟೆ ಹೊರೆಯುವವರಿಗೆ ಔಷಧದ ಮಾಹಿತಿ ಪತ್ರಗಳು ಆಗಾಗ ಬರುತ್ತವೆ. ಕಳೆದ ವರ್ಷ ಹಾಗೆ ಬಂದದ್ದು ಮೆಮಾಂಟಿನ್ ಎಂಬ ಮಾತ್ರೆಯದ್ದು. ಮರೆವಿನ ಕಾಯಿಲೆ ಸ್ವಲ್ಪ ಮುಂದುವರಿದವರಿಗೆ ಕೊಡುವ ಮಾತ್ರೆ. ಮೂಲದಲ್ಲಿ 'ರಿಸೆಪ್ಟರ್' ಎಂದಿದ್ದ ಕಡೆಯೆಲ್ಲ ನಾನು ಪಠ್ಯಪುಸ್ತಕದ ದಾರಿ ಹಿಡಿದು 'ಗ್ರಾಹಕ' ಎಂದು ಬರೆದೆ. ಓದುಗರಿಗೆ ಸುಲಭವಾಗಲಿ ಎಂದು ಮೂಲದಲ್ಲಿಲ್ಲದ ಒಂದು ಹೋಲಿಕೆಯನ್ನೂ ಸೇರಿಸಿದೆ: ಔಷಧ ಕೀಲಿಯಿದ್ದಂತೆ, ಗ್ರಾಹಕ ಬೀಗವಿದ್ದಂತೆ.

ನಮ್ಮ ದೊಡ್ಡಮ್ಮನಿಗೂ ಅದೇ ಮಾತ್ರೆ ನಡೆಯುತ್ತಿತ್ತು. ಹೀಗಾಗಿ ಕರಡನ್ನು ಕುಂದಾಪುರದ ದೊಡ್ಡಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅವರು ನಲವತ್ತು ವರ್ಷ ಜವಳಿ ಅಂಗಡಿ ನಡೆಸಿದವರು. ಸಂಜೆ ಫೋನ್ ಬಂತು. "ಅಲ್ಲ ಮಾರಾಯ್ತಿ, ಗ್ರಾಹಕ ಅಂದ್ರೆ ಗಿರಾಕಿ ಅಲ್ವಾ? ದುಡ್ಡು ಕೊಡುವವರು ನಾವು. ಮತ್ತೆ ಈ ಮಾತ್ರೆ ಯಾವ ಗ್ರಾಹಕನಿಗೆ ಹೋಗಿ ಅಂಟಿಕೊಳ್ಳುದು?" ನಾನು ನಕ್ಕೆ. ಅವರು ನಗಲಿಲ್ಲ. "ಆಯ್ತು, ಅದು ಬಿಡು. ಕೀಲಿ ಅಂತ ಬರೆದಿದ್ದೀಯ. ಈ ಕೀಲಿ ಬಾಗಿಲು ತೆಗೆಯುದಾ, ಹಾಕುದಾ?"

ನನಗೆ ಗೊತ್ತಿರಲಿಲ್ಲ. ಇಡೀ ಪತ್ರವನ್ನು ಅನುವಾದಿಸಿ, ಎರಡು ಸಲ ತಿದ್ದಿ, ಬಿಲ್ಲನ್ನೂ ಕಳಿಸಿದ್ದೆ; ಔಷಧ ತೆಗೆಯುತ್ತದೋ ಮುಚ್ಚುತ್ತದೋ ಎಂಬುದು ಗೊತ್ತಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದೇ ಈ ಪ್ರಬಂಧ. ಓದುತ್ತಾ ಹೋದಂತೆ ಬೆಂಗಳೂರಿನ ಒಂದು ಪ್ರಯೋಗಾಲಯ ಎದುರಾಯಿತು, ಕೊನೆಗೆ ನಾನಿರುವ ಪುಣೆಯಲ್ಲೇ, ವಾರಕ್ಕೆರಡು ಸಲ ರಿಕ್ಷಾದಲ್ಲಿ ಹಾದುಹೋಗುವ ಗಣೇಶಖಿಂಡ ರಸ್ತೆಯ ಪಕ್ಕದ ವಿಶ್ವವಿದ್ಯಾಲಯದ ಆವರಣಕ್ಕೇ ಬಂದು ಮುಟ್ಟಿತು.

ಬೀಗ-ಕೀಲಿಯ ಹೋಲಿಕೆ ನನ್ನದಲ್ಲ, ನೂರಮೂವತ್ತು ವರ್ಷ ಹಳೆಯದು. 1894ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಎಮಿಲ್ ಫಿಶರ್ ಅದನ್ನು ಬಳಸಿದ್ದು ಕಿಣ್ವಗಳ ಬಗ್ಗೆ ಹೇಳುವಾಗ. ಒಂದು ಕಿಣ್ವ ಒಂದು ಬಗೆಯ ಸಕ್ಕರೆಯನ್ನು ಮಾತ್ರ ಒಡೆಯುತ್ತದೆ, ಅದರ ಕನ್ನಡಿ ಬಿಂಬದಂತಿರುವ ಇನ್ನೊಂದನ್ನು ಮುಟ್ಟುವುದೂ ಇಲ್ಲ. ಆದ್ದರಿಂದ ಎರಡರ ಆಕಾರ ಒಂದಕ್ಕೊಂದು ಕೂಡುವಂತಿರಬೇಕು ಎಂದ. ಸುಮಾರು ಹತ್ತು ವರ್ಷದ ಮೇಲೆ ಕೇಂಬ್ರಿಜ್‌ನಲ್ಲಿ ಜಾನ್ ಲ್ಯಾಂಗ್ಲಿ ಕೋಳಿಯ ಸ್ನಾಯುವಿನ ಮೇಲೆ ನಿಕೋಟಿನ್ ಹಾಕಿ ನೋಡಿದ. ಸ್ನಾಯು ಬಿಗಿಯಿತು. ನರವನ್ನು ಮೊದಲೇ ಕತ್ತರಿಸಿದ್ದರೂ ಬಿಗಿಯಿತು. ದಕ್ಷಿಣ ಅಮೆರಿಕದ ಬಾಣದ ವಿಷ ಕುರಾರೆ ಹಾಕಿದರೆ ಸಡಿಲವಾಯಿತು. ಹಾಗಾದರೆ ಈ ಎರಡು ವಸ್ತುಗಳು ಪೈಪೋಟಿ ನಡೆಸುವ ಜಾಗ ನರದಲ್ಲಿಲ್ಲ, ಸ್ನಾಯುವಿನಲ್ಲೇ ಇದೆ. 1905ರಲ್ಲಿ ಅವನು ಅದಕ್ಕೆ ಗ್ರಹಿಸುವ ವಸ್ತು ಎಂಬರ್ಥದ ಹೆಸರಿಟ್ಟ. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಪಾಲ್ ಎರ್ಲಿಕ್ ಕೂಡ, ಅಂಟಿಕೊಳ್ಳದೆ ಯಾವ ಔಷಧವೂ ಕೆಲಸ ಮಾಡದು ಎಂದು ವಾದಿಸುತ್ತಿದ್ದ.

ಗಮನಿಸಿ, ಇವರಲ್ಲಿ ಯಾರೂ ಆ ವಸ್ತುವನ್ನು ನೋಡಿರಲಿಲ್ಲ. ನೋಡದೆಯೇ ಹೆಸರಿಟ್ಟರು. ಭಾಷಾಶಾಸ್ತ್ರ ಓದಿದವರಿಗೆ ಇದು ಪರಿಚಿತ ಮನೆಪಾಠ. ಮೂಲ ದ್ರಾವಿಡದ ಪದಗಳ ಹಿಂದೆ ನಾವು ಒಂದು ನಕ್ಷತ್ರ ಚಿಹ್ನೆ ಹಾಕಿ ಬರೆಯುತ್ತೇವಲ್ಲ, ಯಾರೂ ಕೇಳಿಲ್ಲ, ಆದರೆ ಇದ್ದಿರಲೇಬೇಕು ಎಂದು. ಅರವತ್ತು ವರ್ಷಕ್ಕೂ ಹೆಚ್ಚು ಕಾಲ 'ರಿಸೆಪ್ಟರ್' ಪದಕ್ಕೂ ಅಂಥದ್ದೊಂದು ನಕ್ಷತ್ರ ಅಂಟಿಕೊಂಡೇ ಇತ್ತು.

ಬೀಗದ ಹೋಲಿಕೆಯಲ್ಲಿ ಒಂದು ತೊಡಕು ಮೊದಲಿನಿಂದಲೂ ಇತ್ತು. ಕುರಾರೆ ಮತ್ತು ನಿಕೋಟಿನ್ ಎರಡೂ ಒಂದೇ ಜಾಗದಲ್ಲಿ ಕೂರುವುದಾದರೆ, ಒಂದು ಸ್ನಾಯುವನ್ನು ಬಿಗಿಸಿ ಇನ್ನೊಂದು ಸಡಿಲಿಸುವುದೇಕೆ? ಕೂರುವುದೇ ಬೇರೆ, ಕೆಲಸ ಮಾಡಿಸುವುದೇ ಬೇರೆ ಎಂದಾಯಿತು. 1957ರಲ್ಲಿ ಲಂಡನ್ನಿನಲ್ಲಿ ಹೋಸೆ ದೆಲ್ ಕಾಸ್ತಿಯೊ ಮತ್ತು ಬರ್ನಾರ್ಡ್ ಕಾಟ್ಜ್ ಇದನ್ನು ಎರಡು ಹೆಜ್ಜೆಯ ಲೆಕ್ಕವಾಗಿ ಬರೆದರು: ಮೊದಲು ಅಣು ಬಂದು ಅಂಟುತ್ತದೆ, ಆಮೇಲೆ ಗ್ರಾಹಕದ ರೂಪ ಬದಲಾಗುತ್ತದೆ. ಎರಡನೆಯ ಹೆಜ್ಜೆ ಆಗದೆಯೂ ಇರಬಹುದು. ಮರುವರ್ಷ ಡೇನಿಯಲ್ ಕೋಶ್‌ಲ್ಯಾಂಡ್ ಕಿಣ್ವಗಳ ಬಗ್ಗೆಯೂ ಇಂಥದ್ದೇ ಮಾತು ಹೇಳಿದ: ಬೀಗ ಗಟ್ಟಿ ಲೋಹದ್ದಲ್ಲ, ಕೀಲಿ ಬಂದಾಗ ಅದು ಕೀಲಿಗೆ ತಕ್ಕಂತೆ ಬಗ್ಗುತ್ತದೆ.

ಕನ್ನಡ ವ್ಯಾಕರಣದ ಮೇಷ್ಟರಾದರೆ ಇದನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತಿದ್ದರು. ಫಿಶರನದು ಪ್ರಕೃತಿಭಾವ: ಎರಡು ಪದ ಪಕ್ಕಪಕ್ಕ ನಿಂತವು, ಯಾವುದೂ ಬದಲಾಗಲಿಲ್ಲ. ಕೋಶ್‌ಲ್ಯಾಂಡನದು ಆದೇಶಸಂಧಿ: ಮಳೆ, ಕಾಲ ಕೂಡಿದರೆ ಮಳೆಗಾಲ; ಕೂಡಿದ್ದರಿಂದಲೇ ಕಕಾರ ಗಕಾರವಾಯಿತು. ನನಗೆ ಈ ಹೋಲಿಕೆ ಬೀಗಕ್ಕಿಂತ ಇಷ್ಟ. ಅದರ ಮಿತಿಯನ್ನೂ ಹೇಳಿಬಿಡುತ್ತೇನೆ. ಸಂಧಿಯಲ್ಲಿ ಬದಲಾವಣೆ ಕೂಡುವ ಜಾಗದಲ್ಲೇ ಆಗುತ್ತದೆ. ಗ್ರಾಹಕದಲ್ಲಿ ಅಣು ಕೂರುವುದು ಒಂದು ಕಡೆ, ಬಾಗಿಲು ತೆರೆಯುವುದು ಅಲ್ಲಿಂದ ಬಹಳ ಕೆಳಗೆ, ಕೋಶದ ಪೊರೆಯೊಳಗೆ. ಆ ದೂರವನ್ನು ದಾಟುವುದು ಹೇಗೆ ಎಂಬುದೇ ಮುಂದಿನ ಅರ್ಧ ಶತಮಾನದ ಪ್ರಶ್ನೆ.

ಗ್ರಾಹಕವನ್ನು ಮೊದಲು ಕೈಗೆ ತಂದುಕೊಟ್ಟದ್ದು ಹಾವಿನ ವಿಷ. ತೈವಾನಿನ ಕಟ್ಟುಹಾವಿನಿಂದ ಚಾಂಗ್ ಮತ್ತು ಲೀ 1963ರಲ್ಲಿ ಬೇರ್ಪಡಿಸಿದ ಬಂಗಾರೊಟಾಕ್ಸಿನ್, ಸ್ನಾಯುವಿನ ಗ್ರಾಹಕವನ್ನು ಹಿಡಿದರೆ ಬಿಡುವುದೇ ಇಲ್ಲ. ಆ ಗುಣವನ್ನೇ ಗಾಳವಾಗಿ ಬಳಸಿ 1970ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಶಾಂಜೋ ಮತ್ತು ಸಂಗಡಿಗರು ವಿದ್ಯುತ್ ಮೀನಿನ ಅಂಗದಿಂದ ಗ್ರಾಹಕ ಪ್ರೋಟೀನನ್ನು ಹೆಕ್ಕಿದರು. ನಕ್ಷತ್ರ ಚಿಹ್ನೆ ಅಳಿಸಿಹೋಯಿತು. ಆ ವಿಷದ ಹೆಸರಿನಲ್ಲಿ ನಿಮಗೆ 'ಬಂಗಾರ' ಕೇಳಿಸಿದ್ದರೆ ಅದು ಭ್ರಮೆಯಲ್ಲ. ಕಟ್ಟುಹಾವುಗಳ ಕುಲಕ್ಕೆ ಬಂಗಾರಸ್ ಎಂಬ ಲ್ಯಾಟಿನ್ ಹೆಸರು ಬಂದದ್ದು ತೆಲುಗಿನ ಬಂಗಾರುವಿನಿಂದ.

ಇನ್ನು ನನ್ನ ಕತೆಯ ಮುಖ್ಯ ಅಣು ಗ್ಲುಟಮೇಟ್. ಅದು ಜಗತ್ತಿಗೆ ಪರಿಚಿತವಾದದ್ದು ಅಡುಗೆಮನೆಯಿಂದ. 1908ರಲ್ಲಿ ಟೋಕಿಯೊದ ಕಿಕುನಾಯೆ ಇಕೆಡಾ ಕಡಲಕಳೆಯ ಸಾರಿನ ರುಚಿಗೆ ಕಾರಣ ಹುಡುಕಿ ಗ್ಲುಟಮೇಟಿಗೆ ಬಂದು ನಿಂತ. ಇವತ್ತಿನ ಗೋಬಿ ಮಂಚೂರಿಯ ಅಜಿನೊಮೊಟೊ ಅಲ್ಲಿಂದ ಬಂದದ್ದು. 1950ರ ದಶಕದಲ್ಲಿ ಜಪಾನಿನಲ್ಲೇ ಹಯಾಶಿ ಎಂಬ ವಿಜ್ಞಾನಿ, ಅದನ್ನು ನೇರವಾಗಿ ನಾಯಿಯ ಮಿದುಳಿಗೆ ಚುಚ್ಚಿದರೆ ಸೆಳವು ಬರುತ್ತದೆ ಎಂದು ಕಂಡ. 1959ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಡೇವಿಡ್ ಕರ್ಟಿಸ್, ಜಾನ್ ಫಿಲಿಸ್, ಜೆಫ್ ವಾಟ್ಕಿನ್ಸ್ ಒಂದೊಂದೇ ನರಕೋಶದ ಮೇಲೆ ಅದನ್ನು ಸಿಂಪಡಿಸಿದರು. ಮುಟ್ಟಿದ ಕೋಶವೆಲ್ಲ ಕೆರಳಿತು. ಎಲ್ಲವೂ ಕೆರಳಿದ್ದರಿಂದಲೇ ಅವರಿಗೆ ಅನುಮಾನ ಬಂತು: ಎಲ್ಲ ಬಾಗಿಲನ್ನೂ ತೆರೆಯುವುದು ಕೀಲಿ ಹೇಗಾದೀತು? ಇದು ನರಗಳ ನಡುವಿನ ಸಂದೇಶವಾಹಕ ಇರಲಾರದು ಎಂದು ಆಗ ಎಣಿಸಿದರು. ಮಿದುಳಿನ ಅತಿ ಮುಖ್ಯ ಉದ್ರೇಕಕಾರಿ ಸಂದೇಶವಾಹಕ ಅದೇ ಎಂದು ಒಪ್ಪಿಕೊಳ್ಳಲು ಎರಡು ದಶಕ ಬೇಕಾಯಿತು.

ಒಪ್ಪುವಂತೆ ಮಾಡಿದ್ದು ಗಿಡಗಳು ಎಂದರೆ ತೀರಾ ತಪ್ಪಾಗದು. ಗ್ಲುಟಮೇಟಿನ ಗ್ರಾಹಕಗಳು ಒಂದೇ ಬಗೆಯವಲ್ಲ ಎಂದು ತೋರಿಸಿಕೊಟ್ಟದ್ದು ಅದರ ವೇಷ ಹಾಕಿ ಬರುವ ಬೇರೆ ಅಣುಗಳು. ಕೈನೇಟ್, ಜಪಾನಿನಲ್ಲಿ ಮಕ್ಕಳ ಹೊಟ್ಟೆಹುಳಕ್ಕೆ ಕೊಡುತ್ತಿದ್ದ ಒಂದು ಕೆಂಪು ಕಡಲಕಳೆಯದು. ಕ್ವಿಸ್‌ಕ್ವಾಲೇಟ್ ಸಿಕ್ಕಿದ್ದು ರಂಗೂನ್ ಮಲ್ಲಿಗೆಯ ಬೀಜದಲ್ಲಿ. ಪುಣೆಯಲ್ಲಿ ಅದನ್ನು ಮಧುಮಾಲತಿ ಎನ್ನುತ್ತಾರೆ, ಅರ್ಧ ಊರಿನ ಗೇಟಿನ ಮೇಲೆ ಅದು ಹಬ್ಬಿದೆ, ನಮ್ಮ ಸೊಸೈಟಿಯ ಕಾಂಪೌಂಡಿನ ಮೇಲೂ. ಸಂಜೆ ಬಿಳಿಯಾಗಿ ಅರಳಿ ಮರುದಿನಕ್ಕೆ ಕೆಂಪಾಗುವ ಆ ಹೂವಿಗೆ ಸಸ್ಯಶಾಸ್ತ್ರಜ್ಞರು ಇಟ್ಟಿದ್ದ ಹೆಸರು ಕ್ವಿಸ್‌ಕ್ವಾಲಿಸ್. ಲ್ಯಾಟಿನ್ನಿನಲ್ಲಿ ಅದು 'ಯಾರು? ಎಂಥದು?' ಎಂಬೆರಡು ಪ್ರಶ್ನೆಗಳ ಜೋಡಿ. ಇಂದು ಆಂಪಾ ಗ್ರಾಹಕ ಎನ್ನುವುದನ್ನು ಒಂದು ಕಾಲದಲ್ಲಿ ಕ್ವಿಸ್‌ಕ್ವಾಲೇಟ್ ಗ್ರಾಹಕ ಎಂದೇ ಕರೆಯುತ್ತಿದ್ದರು. ಯಾರು, ಎಂಥದು ಎಂಬ ಗ್ರಾಹಕ. ಅದನ್ನು ಬದಲಿಸಬಾರದಿತ್ತು ಎಂದು ನನಗನ್ನಿಸುತ್ತದೆ.

ಮೂರನೆಯ ಗಿಡ ಖೇಸರಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಲ್ಲಿ ಹಾಳಾದದ್ದು ಮನುಷ್ಯರ ಕಾಲುಗಳು.

ಖೇಸರಿ ಬೇಳೆ ನೋಡಲು ತೊಗರಿಯನ್ನೋ ಕಡಲೆಯನ್ನೋ ಹೋಲುತ್ತದೆ. ಕಡಲೆಹಿಟ್ಟಿಗೆ ಕಲಬೆರಕೆ ಮಾಡುತ್ತಾರೆಂಬ ದೂರು ಹಳೆಯದು. ಮಧ್ಯಪ್ರದೇಶ, ಛತ್ತೀಸಗಡ, ಬಿಹಾರ, ಮಹಾರಾಷ್ಟ್ರದ ವಿದರ್ಭದಲ್ಲಿ ಭತ್ತದ ಕುಯಿಲಿಗೆ ಮುಂಚೆಯೇ ಒದ್ದೆ ಗದ್ದೆಯಲ್ಲಿ ಚೆಲ್ಲುತ್ತಾರೆ. ಉಳಬೇಕಿಲ್ಲ, ಗೊಬ್ಬರ ಬೇಡ. ಮಳೆ ಕೈಕೊಟ್ಟರೂ ಬೆಳೆಯುತ್ತದೆ, ನೀರು ನಿಂತರೂ ಬೆಳೆಯುತ್ತದೆ. ಬೇರೆಲ್ಲ ಬೆಳೆ ಸತ್ತ ವರ್ಷ ಬದುಕುಳಿಯುವುದೇ ಅದರ ಗುಣ, ಅದೇ ಅದರ ಅಪಾಯ. ಅಂಥ ವರ್ಷ ಬಡವರು ಮೂರು ಹೊತ್ತೂ ಅದನ್ನೇ ತಿನ್ನುತ್ತಾರೆ. ಎರಡು ಮೂರು ತಿಂಗಳು ಹೀಗೆ ಕಳೆದರೆ ಕೆಲವರಿಗೆ, ಅದರಲ್ಲೂ ಮೈಮುರಿದು ದುಡಿಯುವ ಯುವಕರಿಗೆ, ಒಂದು ಬೆಳಗ್ಗೆ ಕಾಲು ಮರಗಟ್ಟಿದಂತಾಗುತ್ತದೆ. ಮಂಡಿ ಬಾಗಿ, ಹಿಮ್ಮಡಿ ನೆಲ ಬಿಟ್ಟು, ತುದಿಗಾಲಿನಲ್ಲಿ ಕೋಲೂರಿ ನಡೆಯುವಂತಾಗುತ್ತದೆ. ಕಾಯಿಲೆ ಹೆಚ್ಚಾದರೆ ತೆವಳಬೇಕು. ಬುದ್ಧಿಗೆ ಏನೂ ಆಗುವುದಿಲ್ಲ, ಆಯುಷ್ಯವೂ ಕಡಿಮೆಯಾಗುವುದಿಲ್ಲ. ಹೋದ ಕಾಲು ಮಾತ್ರ ಮರಳುವುದಿಲ್ಲ.

1830ರ ದಶಕದಲ್ಲಿ ಸಾಗರ ಪ್ರಾಂತ್ಯದಲ್ಲಿ ಗೋಧಿ ಬೆಳೆ ವರ್ಷಗಟ್ಟಲೆ ನಾಶವಾದಾಗ ಹೀಗಾದದ್ದನ್ನು, ಠಗ್ಗರನ್ನು ಹಿಡಿದು ಹೆಸರಾದ ವಿಲಿಯಂ ಸ್ಲೀಮನ್ ಬರೆದಿಟ್ಟಿದ್ದಾನೆ. ಸ್ಪೇನಿನಲ್ಲಿ ನೆಪೋಲಿಯನ್ನನ ಯುದ್ಧದ ಕ್ಷಾಮದಲ್ಲಿ ಅದೇ ಧಾನ್ಯ ತಿಂದವರನ್ನು ಚಿತ್ರಕಾರ ಗೋಯ ಮುದ್ರಣಚಿತ್ರ ಮಾಡಿದ್ದಾನೆ. 1942-43ರಲ್ಲಿ ವಾಪ್ನಿಯಾರ್ಕಾ ಶಿಬಿರದಲ್ಲಿ ಯಹೂದಿ ಕೈದಿಗಳಿಗೆ ದನದ ಮೇವಿನ ಖೇಸರಿ ಹಾಕಿ ನೂರಾರು ಜನರ ಕಾಲು ಕಳೆದರು. ಕಾರಣವನ್ನು ಗುರುತಿಸಿದವನು ಅಲ್ಲೇ ಕೈದಿಯಾಗಿದ್ದ ವೈದ್ಯ ಆರ್ಥರ್ ಕೆಸ್ಲರ್. ನಮ್ಮಲ್ಲಿ ಕ್ಷಾಮವಿಲ್ಲದ ವರ್ಷವೂ ಇದು ನಡೆಯುತ್ತಿತ್ತು. ಮಧ್ಯಪ್ರದೇಶದ ರೇವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯಾಗಿ ಖೇಸರಿಯನ್ನೇ ಅಳೆದುಕೊಡುವ ವಾಡಿಕೆ ಇತ್ತು. ಒಡೆಯ ಗೋಧಿ ತಿನ್ನುತ್ತಿದ್ದ, ಆಳು ಖೇಸರಿ. ಮಿದುಳಿನ ಗ್ರಾಹಕಕ್ಕೆ ಯಾವ ಅಣು ಬಂದು ಕೂರಬೇಕೆಂಬುದನ್ನು ಹೀಗೆ ಊರಿನ ಜಮೀನ್ದಾರಿಕೆಯೂ ತೀರ್ಮಾನಿಸಿದೆ.

ಬೇಳೆಯಲ್ಲಿರುವ ವಿಷ ಯಾವುದು ಎಂದು ಪತ್ತೆ ಹಚ್ಚಿದವರಲ್ಲಿ ಮೊದಲಿಗರು ಬೆಂಗಳೂರಿನವರು. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪಿ. ಎಸ್. ಶರ್ಮ ಅವರ ಬಳಿ ಕೆಲಸ ಮಾಡುತ್ತಿದ್ದ ಪಿ. ಆರ್. ಅಡಿಗ, ಜಿ. ಪದ್ಮನಾಭನ್, ಎಸ್. ಎಲ್. ಎನ್. ರಾವ್ 1962ರಲ್ಲಿ ಆ ವಸ್ತುವನ್ನು ಬೇರ್ಪಡಿಸಿದ ಸುದ್ದಿ ಪ್ರಕಟಿಸಿದರು. 1964ರಲ್ಲಿ ಅದರ ಪೂರ್ಣ ರಚನೆ. ಅದೇ ವರ್ಷ ದೆಹಲಿಯ ಇನ್ನೊಂದು ತಂಡವೂ ಸ್ವತಂತ್ರವಾಗಿ ಅದೇ ಅಣುವಿಗೆ ಬಂದಿತ್ತು. ಒಡಾಪ್ ಎಂಬುದು ಅದರ ಚುಟುಕು ಹೆಸರು. ಸಣ್ಣ ಅಣು, ಒಂದು ಅಮೈನೊ ಆಮ್ಲ. ಗ್ಲುಟಮೇಟಿಗೆ ಇರುವಂತೆಯೇ ಎರಡು ತುದಿಗೂ ಒಂದೊಂದು ಆಮ್ಲದ ಗುಂಪು. ಜಿ. ಪದ್ಮನಾಭನ್ ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು.

ಎರಡೇ ವರ್ಷದಲ್ಲಿ, 1966ರಲ್ಲಿ, ವಾಟ್ಕಿನ್ಸ್, ಕರ್ಟಿಸ್, ಬಿಸ್ಕೋ ಈ ಅಣುವನ್ನು ನರಕೋಶದ ಮೇಲೆ ಹಾಕಿ ನೋಡಿದರು. ಕೋಶ ಗ್ಲುಟಮೇಟಿಗೆ ಕೆರಳಿದಂತೆಯೇ ಕೆರಳಿತು. 1969ರಲ್ಲಿ ಅಮೆರಿಕದ ಜಾನ್ ಓಲ್ನಿ, ಹೀಗೆ ಕೆರಳಿ ಕೆರಳಿಯೇ ನರಕೋಶ ಸಾಯಬಹುದು ಎಂದು ತೋರಿಸಿದ. 1980ರ ದಶಕದಲ್ಲಿ ಕೊಂಡಿ ಪೂರ್ತಿಯಾಯಿತು: ಒಡಾಪ್ ಹೋಗಿ ಕೂರುವುದು ಮುಖ್ಯವಾಗಿ ಕ್ವಿಸ್‌ಕ್ವಾಲೇಟ್ ಗ್ರಾಹಕದಲ್ಲಿ. ಅದರ ಬಾಗಿಲು ತೆರೆಯುತ್ತದೆ, ಕೋಶದೊಳಕ್ಕೆ ಅಯಾನುಗಳು ನುಗ್ಗುತ್ತವೆ. ಹಸಿವಿನಲ್ಲಿರುವ ಮೈಗೆ ಅದನ್ನು ತಡೆದುಕೊಳ್ಳುವ ತ್ರಾಣ ಕಡಿಮೆ. ಕಾಲುಗಳನ್ನು ನಡೆಸುವ ನರಗಳು ಮೊದಲು ಹೋಗುತ್ತವೆ.

ಸರ್ಕಾರ 1961ರಲ್ಲೇ ಖೇಸರಿಯ ಮಾರಾಟ ನಿಷೇಧಿಸಿತ್ತು. ಬೆಳೆಯುವುದು ನಿಲ್ಲಲಿಲ್ಲ. ಬೇಳೆಯನ್ನು ನೆನೆಸಿ ಕುದಿಸಿ ನೀರು ಬಸಿದರೆ ವಿಷ ಬಹುಪಾಲು ಹೋಗುತ್ತದೆ, ಆದರೆ ಕ್ಷಾಮದ ವರ್ಷ ಬಸಿದು ಚೆಲ್ಲಲು ನೀರು, ಕುದಿಸಲು ಸೌದೆ ಯಾರ ಬಳಿ ಇತ್ತು? ಈಗ ರತನ್, ಪ್ರತೀಕ್, ಮಹಾತಿವ್ಡಾ ಎಂಬ ಕಡಿಮೆ ಒಡಾಪ್‌ನ ತಳಿಗಳು ಬಂದಿವೆ. ದಿನವೂ ಸ್ವಲ್ಪ ತಿಂದರೆ ಏನಾಗದು, ಊಟದ ಮುಕ್ಕಾಲು ಪಾಲು ಅದೇ ಆದರೆ ಮಾತ್ರ ಕಷ್ಟ ಎನ್ನುವವರೂ ಇದ್ದಾರೆ. ಅದು ಸರಿಯೇ ಇರಬಹುದು. ಊಟದ ಮುಕ್ಕಾಲು ಪಾಲು ಏನಿರಬೇಕೆಂದು ಆರಿಸುವ ಅವಕಾಶ ಎಲ್ಲರಿಗೂ ಇರುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಇಷ್ಟಾದರೂ ಕೂರುವುದಕ್ಕೂ ತೆರೆಯುವುದಕ್ಕೂ ನಡುವಿನ ದೂರ ಹಾಗೇ ಉಳಿದಿತ್ತು. ಅದನ್ನು ನೋಡಲು ಪ್ರೋಟೀನಿನ ಆಕಾರ ಬೇಕು. ಪ್ರೋಟೀನ್ ಎಂದರೆ ಮಣಿಸರದಂತೆ ಪೋಣಿಸಿದ ಅಮೈನೊ ಆಮ್ಲಗಳ ಉದ್ದ ಸರ, ಸುತ್ತಿ ಮಡಚಿಕೊಂಡದ್ದು. ಆ ಸರ ಎಲ್ಲಿ ಹೇಗೆ ತಿರುಗಬಹುದು, ಹೇಗೆ ತಿರುಗಲಾರದು ಎಂಬುದಕ್ಕೆ 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಒಂದು ನಕ್ಷೆ ಹಾಕಿದರು. ರಾಮಚಂದ್ರನ್ ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು, 1970ರ ದಶಕದ ಹೊತ್ತಿಗೆ ಮರಳಿ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ಘಟಕ ಕಟ್ಟಿದರು. ಇವತ್ತಿಗೂ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಪ್ರೋಟೀನಿನ ರಚನೆ ಬಿಡಿಸಿದರೂ, ಅದನ್ನು ಈ ನಕ್ಷೆಯ ಮೇಲಿಟ್ಟು ಸರ ಎಲ್ಲಾದರೂ ಅಸಾಧ್ಯವಾಗಿ ತಿರುಚಿದೆಯೇ ಎಂದು ಪರೀಕ್ಷಿಸುತ್ತಾರೆ.

1989ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಗ್ಲುಟಮೇಟ್ ಗ್ರಾಹಕದ ಜೀನ್ ಸಿಕ್ಕಿತು. ನಂತರ ಒಂದು ವಿಚಿತ್ರ ಕಂಡಿತು. ಗ್ರಾಹಕದಲ್ಲಿ ಗ್ಲುಟಮೇಟ್ ಕೂರುವ ಭಾಗ, ಬ್ಯಾಕ್ಟೀರಿಯಾಗಳು ಆಹಾರ ಹಿಡಿಯಲು ಬಳಸುವ ಪ್ರೋಟೀನುಗಳನ್ನು ಹೋಲುತ್ತಿತ್ತು. ಅವು ಎರಡು ಹಾಲೆಗಳ ಪ್ರೋಟೀನುಗಳು, ನಡುವೆ ಆಹಾರದ ಅಣು ಬಂದರೆ ಮುಚ್ಚಿಕೊಳ್ಳುತ್ತವೆ. 1998ರಲ್ಲಿ, ಮತ್ತೆ 2000ದಲ್ಲಿ, ನೀಲಿ ಆರ್ಮ್‌ಸ್ಟ್ರಾಂಗ್ ಮತ್ತು ಎರಿಕ್ ಗೂಆ ಆ ಭಾಗವನ್ನಷ್ಟೇ ಕತ್ತರಿಸಿ ಹರಳು ಮಾಡಿ ಕ್ಷಕಿರಣದಲ್ಲಿ ನೋಡಿದರು.

ಕಂಡದ್ದು ಮರುವಾಯಿ ಚಿಪ್ಪು. ಕರಾವಳಿಯವರಿಗೆ ಬೇರೆ ವಿವರಣೆ ಬೇಡ. ಎರಡು ದಳ, ಹಿಂದೆ ಒಂದು ಕೀಲು. ಗ್ಲುಟಮೇಟ್ ಇಲ್ಲದಾಗ ಬಾಯಿ ತೆರೆದಿರುತ್ತದೆ. ಗ್ಲುಟಮೇಟ್ ಮೇಲಿನ ದಳಕ್ಕೂ ಕೆಳಗಿನ ದಳಕ್ಕೂ ಅಂಟಿ ಎರಡನ್ನೂ ಎಳೆಯುತ್ತದೆ, ಚಿಪ್ಪು ಸುಮಾರು 20 ಡಿಗ್ರಿಯಷ್ಟು ಮುಚ್ಚಿಕೊಳ್ಳುತ್ತದೆ. ಕೈನೇಟ್ ಬಂದರೆ ಸುಮಾರು 12 ಡಿಗ್ರಿ ಮಾತ್ರ, ಅದರ ಬಾಲ ಅಡ್ಡ ಬಂದು ಚಿಪ್ಪು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಈ ಗ್ರಾಹಕದ ಮೇಲೆ ಕೈನೇಟಿನ ಪ್ರಭಾವವೂ ಅರೆಬರೆಯದೇ. ತಡೆಯುವ ಅಣು ಬಂದರೆ ಚಿಪ್ಪು ಹೆಚ್ಚುಕಡಿಮೆ ತೆರೆದೇ ಇರುತ್ತದೆ, ಬಾಯಿಗೆ ಕಡ್ಡಿ ಸಿಕ್ಕಿಸಿದ ಹಾಗೆ. ಲ್ಯಾಂಗ್ಲಿಯ ಕಾಲದ ತೊಡಕು, ಒಂದೇ ಜಾಗದಲ್ಲಿ ಕೂತು ಬೇರೆ ಬೇರೆ ಕೆಲಸ ಮಾಡುವುದು ಹೇಗೆ ಎಂಬುದು, ಕೋನಮಾಪಕದಲ್ಲಿ ಅಳೆಯುವಂತಾಯಿತು.

ಚಿಪ್ಪು ಮುಚ್ಚಿದರೆ ಬಾಗಿಲು ತೆರೆಯುತ್ತದೆ. ಇದು ಉಲ್ಟಾ ಅನ್ನಿಸಬಹುದು. ಒಂದು ಗ್ರಾಹಕದಲ್ಲಿ ನಾಲ್ಕು ಚಿಪ್ಪುಗಳು, ಬೆನ್ನಿಗೆ ಬೆನ್ನು ಕೊಟ್ಟು ಎರಡೆರಡರ ಜೋಡಿ. ಬೆನ್ನು ಅಂಟಿಕೊಂಡಿರುವುದು ಮೇಲಿನ ದಳಗಳದ್ದು. ಕೆಳಗಿನ ದಳಗಳಿಂದ ಸಣ್ಣ ಎಳೆಗಳು ಇಳಿದು ಪೊರೆಯೊಳಗಿನ ಕಂಡಿಯ ಕಂಬಗಳಿಗೆ ಕಟ್ಟಿಕೊಂಡಿವೆ. ಚಿಪ್ಪು ಮುಚ್ಚುವಾಗ ಕೆಳಗಿನ ದಳ ಮೇಲಕ್ಕೆ ಹೋಗುತ್ತದೆ. ಜೋಡಿಯ ಎರಡು ಕೆಳದಳಗಳು ಒಂದರಿಂದೊಂದು ದೂರ ಸರಿಯುತ್ತವೆ. ಎಳೆಗಳು ಬಿಗಿದು ಕಂಬಗಳನ್ನು ಹೊರಕ್ಕೆ ಜಗ್ಗುತ್ತವೆ. ಕಂಡಿ ತೆರೆಯಿತು. ಇದೆಲ್ಲ ಸೆಕೆಂಡಿನ ಸಾವಿರದ ಒಂದು ಭಾಗದ ಅಂದಾಜಿನಲ್ಲಿ.

ಇನ್ನೂ ಒಂದಿದೆ, ಬೀಗದ ಹೋಲಿಕೆಯನ್ನು ಪೂರ್ತಿ ಕೆಡಿಸುವಂಥದ್ದು. ಗ್ಲುಟಮೇಟ್ ಅಲ್ಲೇ ಕೂತಿದ್ದರೂ ಕೆಲವೇ ಮಿಲಿಸೆಕೆಂಡಿನಲ್ಲಿ ಕಂಡಿ ತಾನಾಗಿ ಮುಚ್ಚುತ್ತದೆ. ಚಿಪ್ಪು ಮುಚ್ಚಿಯೇ ಇರುತ್ತದೆ, ಆದರೆ ಬೆನ್ನಿನ ಅಂಟು ಬಿಡುತ್ತದೆ, ಜೋಡಿ ಜಾರುತ್ತದೆ, ಎಳೆಗಳು ಸಡಿಲ. ಕೀಲಿ ಒಳಗೇ ಇದೆ, ತಿರುಗಿಸಿಯೂ ಆಗಿದೆ, ಬಾಗಿಲು ಮಾತ್ರ ತನ್ನಷ್ಟಕ್ಕೆ ಹಾಕಿಕೊಂಡಿದೆ. ಹೀಗಾಗದಿದ್ದರೆ ದಿನದ ಪ್ರತಿ ಯೋಚನೆಯೂ ನಮಗೆ ಖೇಸರಿಯ ಊಟವಾಗುತ್ತಿತ್ತು.

2009ರಲ್ಲಿ ಸೊಬೊಲೆವ್‌ಸ್ಕಿ, ರೊಸ್ಕೋನಿ ಮತ್ತು ಗೂಆ ಇಡೀ ಆಂಪಾ ಗ್ರಾಹಕದ ರಚನೆ ಪ್ರಕಟಿಸಿದರು. ಮೂರು ಅಂತಸ್ತು: ಎಲ್ಲಕ್ಕಿಂತ ಮೇಲೆ ಒಂದು ತಲೆಭಾಗ, ನಡುವೆ ಚಿಪ್ಪುಗಳು, ಕೆಳಗೆ ಕಂಡಿ. ಮತ್ತೊಂದು ಅಚ್ಚರಿ ಅಂತಸ್ತುಗಳ ನಡುವೆ ಇತ್ತು. ನಾಲ್ಕು ಜನ ಕೋಲಾಟ ಆಡುವುದನ್ನು ನೆನೆದುಕೊಳ್ಳಿ. ಮೇಲಿನ ಅಂತಸ್ತಿನಲ್ಲಿ ಒಂದನೆಯವನಿಗೆ ಎರಡನೆಯವನು ಜೋಡಿ, ಮೂರನೆಯವನಿಗೆ ನಾಲ್ಕನೆಯವನು. ನಡುವಿನ ಅಂತಸ್ತಿಗೆ ಇಳಿಯುವಾಗ ಜೋಡಿ ಬದಲಾಗಿ ಒಂದನೆಯವನು ನಾಲ್ಕನೆಯವನ ಜೊತೆ, ಎರಡನೆಯವನು ಮೂರನೆಯವನ ಜೊತೆ. ನಂತರ ನೋಡಿದ ಎನ್‌ಎಂಡಿಎ, ಕೈನೇಟ್ ಗ್ರಾಹಕಗಳಲ್ಲೂ ಇದೇ ಕಂಡಿತು. ಇದು ಈ ಮನೆತನದ ಗುರುತೇ ಇರಬೇಕು ಎಂದು ಎಲ್ಲರೂ ತಿಳಿದರು.

ಮನೆತನದಲ್ಲಿ ಇನ್ನೊಂದು ಕವಲು ಬಾಕಿ ಇತ್ತು, ಡೆಲ್ಟಾ. 1990ರ ದಶಕದ ಆರಂಭದಲ್ಲಿ ಜೀನ್ ಸಿಕ್ಕಿದ್ದ ಎರಡು ಗ್ರಾಹಕಗಳು, ಗ್ಲುಡಿ1 ಮತ್ತು ಗ್ಲುಡಿ2. ಅಕ್ಷರಗಳ ಹೋಲಿಕೆಯಿಂದ ಇವು ಗ್ಲುಟಮೇಟ್ ಗ್ರಾಹಕಗಳೇ. ಆದರೆ ಗ್ಲುಟಮೇಟ್ ಹಾಕಿದರೆ ತೆರೆಯುವುದಿಲ್ಲ. ಇಂಗ್ಲಿಷಿನಲ್ಲಿ ಇಂಥವನ್ನು ಅನಾಥ ಎನ್ನುತ್ತಾರೆ. ನನಗೆ ತಬ್ಬಲಿ ಎನ್ನುವುದೇ ಹಿತ. ಕಂಡಿ ಇರುವುದಂತೂ ನಿಜ: 'ಲರ್ಚರ್' ಎಂಬ ತೂರಾಡುವ ಇಲಿಯ ತಳಿಯಲ್ಲಿ ಗ್ಲುಡಿ2ರ ಒಂದು ಅಕ್ಷರ ತಪ್ಪಿ ಕಂಡಿ ಸದಾ ತೆರೆದಿರುತ್ತದೆ, ಅದರಿಂದ ಕಿರುಮಿದುಳಿನ ಕೋಶಗಳು ಸಾಯುತ್ತವೆ ಎಂದು 1997ರಲ್ಲಿ ಗೊತ್ತಾಯಿತು. ಡಿ-ಸೆರಿನ್ ಎಂಬ ಅಣು ಚಿಪ್ಪಿನಲ್ಲಿ ಬಂದು ಕೂರುವುದು 2007ರಲ್ಲಿ ಕಂಡಿತು. 2010ರಲ್ಲಿ ಇನ್ನೊಂದು ಮುಖ ಕಂಡಿತು: ಗ್ಲುಡಿ2ರ ತಲೆಭಾಗ ಎದುರಿನ ನರಕೋಶದಿಂದ ಬರುವ ಪ್ರೋಟೀನುಗಳ ಕೈಹಿಡಿದು ಎರಡು ಕೋಶಗಳನ್ನು ಹೊಲಿಗೆ ಹಾಕಿದಂತೆ ಕೂಡಿಸುತ್ತದೆ. ಗ್ಲುಡಿ1ರ ಜೀನಿಗೆ ಸ್ಕಿಜೋಫ್ರೀನಿಯ, ಆಟಿಸಂ, ಖಿನ್ನತೆಗಳ ಜೊತೆ ನಂಟು ಹೇಳುತ್ತಾರೆ.

ಇಲ್ಲಿಗೆ ಪುಣೆ. ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಆವರಣದಲ್ಲಿ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಇದೆ. 1980ರ ದಶಕದಲ್ಲಿ ದೇಶದ ಪ್ರಯೋಗಾಲಯಗಳಿಗೆ ಕೋಶಗಳನ್ನು ಬೆಳೆಸಿ ಹಂಚುವ ಕೆಲಸಕ್ಕೆ ಶುರುವಾದದ್ದು. ಅಮೆರಿಕದಲ್ಲಿ ಮಾರ್ಕ್ ಮೇಯರ್ ಅವರ ಬಳಿ ಗ್ಲುಟಮೇಟ್ ಗ್ರಾಹಕಗಳ ಮೇಲೆ ಕೆಲಸ ಮಾಡಿದ್ದ ಜನೇಶ್ ಕುಮಾರ್ ಇಲ್ಲಿ ತಂಡ ಕಟ್ಟಿದರು. 2020ರಲ್ಲಿ ಅನಂತ ಪ್ರಸಾದ್ ಬುರಾಡ, ರಾಜೇಶ್ ವಿನ್ನಕೋಟ ಮತ್ತು ಅವರು ಇಲಿಯ ಗ್ಲುಡಿ1ರ ಇಡೀ ರಚನೆಯನ್ನು ಪ್ರಕಟಿಸಿದರು. ಹರಳು ಮಾಡಲಿಲ್ಲ, ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಳಸಿದರು. ಪ್ರೋಟೀನಿನ ದ್ರಾವಣವನ್ನು ನೀರು ಹರಳುಗಟ್ಟಲೂ ಪುರುಸೊತ್ತಿಲ್ಲದಷ್ಟು ಬೇಗ ಹೆಪ್ಪುಗಟ್ಟಿಸಿ, ಬೇರೆ ಬೇರೆ ಮಗ್ಗುಲಲ್ಲಿ ಬಿದ್ದಿರುವ ಲಕ್ಷಗಟ್ಟಲೆ ಅಣುಗಳ ಚಿತ್ರ ತೆಗೆದು, ಎಲ್ಲವನ್ನೂ ಕೂಡಿಸಿ ಮೂರು ಆಯಾಮದ ರೂಪ ಕಟ್ಟುವ ವಿದ್ಯೆ ಅದು. 2017ರ ರಸಾಯನಶಾಸ್ತ್ರದ ನೊಬೆಲ್ ಅದಕ್ಕೇ ಸಂದಿತ್ತು. ಗ್ರಾಹಕವನ್ನು ಅವರು ನೋಡಿದ್ದು ಕ್ಯಾಲ್ಸಿಯಂ ಜೊತೆ, ಮತ್ತೆ 7-ಕ್ಲೋರೊಕೈನುರೆನಿಕ್ ಆಮ್ಲ ಎಂಬ ಲಿಗ್ಯಾಂಡಿನ ಜೊತೆ. ಲಿಗ್ಯಾಂಡ್ ಎಂದರೆ ಬಂದು ಅಂಟುವ ಅಣು. ಲ್ಯಾಟಿನ್ನಿನ ಕಟ್ಟು ಎಂಬ ಧಾತುವಿನದು, ಕನ್ನಡದಲ್ಲಿ ನಾನಿನ್ನೂ ಅದಕ್ಕೆ ಒಳ್ಳೆಯ ಪದ ಕಂಡಿಲ್ಲ.

ಅವರಿಗೆ ಕಂಡದ್ದು: ಕೋಲಾಟದಲ್ಲಿ ಇಲ್ಲಿ ಜೋಡಿ ಬದಲಾಗುವುದಿಲ್ಲ. ತಲೆಭಾಗದಲ್ಲಿ ಯಾರು ಜೊತೆಯೋ ಚಿಪ್ಪಿನ ಅಂತಸ್ತಿನಲ್ಲೂ ಅವರೇ ಜೊತೆ. ಅದೇ ತಂಡ ಗ್ಲುಡಿ2ರಲ್ಲೂ ಇದನ್ನೇ ಕಂಡಿತು. ಮನೆತನದ ಗುರುತು ಎಂದುಕೊಂಡದ್ದು ಮನೆತನದ ಎಲ್ಲರಿಗೂ ಇರಲಿಲ್ಲ. ಚಿಪ್ಪು ಮುಚ್ಚಿದ ಸುದ್ದಿ ಕಂಡಿಯವರೆಗೆ, ತಲೆ ಹಿಡಿದ ಕೈಯ ಸುದ್ದಿ ಚಿಪ್ಪಿನವರೆಗೆ ಹೇಗೆ ತಲಪುತ್ತದೆ ಎಂಬ ಲೆಕ್ಕವನ್ನು ಡೆಲ್ಟಾಗೆ ಹೊಸದಾಗಿಯೇ ಹಾಕಬೇಕಾಯಿತು.

ತಬ್ಬಲಿಯ ಕತೆ ಅಲ್ಲಿಗೆ ಮುಗಿದಿಲ್ಲ. ಗ್ಲುಡಿ1ರಲ್ಲಿ ಗಾಬಾ ಬಂದು ಕೂರುತ್ತದೆ ಎಂದು 2023ರಲ್ಲಿ ಒಂದು ತಂಡ ತೋರಿಸಿತು. ಗಾಬಾ ಎಂದರೆ ಮಿದುಳನ್ನು ತಣಿಸುವ ಸಂದೇಶವಾಹಕ, ಗ್ಲುಟಮೇಟಿಗೆ ಹೆಚ್ಚುಕಡಿಮೆ ಎದುರಾಳಿ. 2025ರಲ್ಲಿ ಅಮೆರಿಕದ ಇನ್ನೊಂದು ತಂಡ, ಡಿ-ಸೆರಿನ್ ಮತ್ತು ಗಾಬಾ ಈ ಗ್ರಾಹಕಗಳ ಕಂಡಿಯನ್ನು ನೇರವಾಗಿಯೇ ತೆರೆಯುತ್ತವೆ ಎಂದು ವರದಿ ಮಾಡಿದೆ. ಮೂವತ್ತು ವರ್ಷ ಗ್ಲುಟಮೇಟಿನ ಮನೆಯ ತಬ್ಬಲಿ ಎನ್ನಿಸಿಕೊಂಡದ್ದು ಎದುರುಮನೆಯವರ ಮಾತಿಗೆ ಓಗೊಡುತ್ತಿತ್ತು.

ಈಗ ದೊಡ್ಡಪ್ಪನ ಪ್ರಶ್ನೆ. ಮೆಮಾಂಟಿನ್ ಕೆಲಸ ಮಾಡುವುದು ಎನ್‌ಎಂಡಿಎ ಗ್ರಾಹಕದಲ್ಲಿ. ಅದು ತೆರೆಯಲು ಗ್ಲುಟಮೇಟ್ ಒಂದೇ ಸಾಲದು. ನಾಲ್ಕು ಚಿಪ್ಪುಗಳಲ್ಲಿ ಎರಡಕ್ಕೆ ಗ್ಲುಟಮೇಟ್, ಎರಡಕ್ಕೆ ಗ್ಲೈಸಿನ್ ಅಥವಾ ಡಿ-ಸೆರಿನ್ ಬರಬೇಕು. ಬ್ಯಾಂಕಿನ ಲಾಕರಿಗೆ ಮ್ಯಾನೇಜರನ ಕೀಲಿ, ಗಿರಾಕಿಯ ಕೀಲಿ ಎರಡೂ ಬೇಕಾಗುವ ಹಾಗೆ. ಮೆಮಾಂಟಿನ್ ಈ ಎರಡರ ಜಾಗಕ್ಕೂ ಹೋಗುವುದಿಲ್ಲ. ಬೇರೆಯವರು ಬಾಗಿಲು ತೆಗೆದ ಮೇಲೆ ಒಳಹೊಕ್ಕು ಕಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ, ಬೇಗ ಜಾರಿ ಹೊರಬರುತ್ತದೆ. ಕಾಯಿಲೆಯ ಮಿದುಳಿನಲ್ಲಿ ಸುಮ್ಮನೆ ತೆರೆದಿರುವ ಕಂಡಿಗಳಿಂದ ಆಗುವ ಸೋರಿಕೆಯನ್ನು ತಡೆದು, ನಿಜವಾದ ಸಂದೇಶ ಬಂದಾಗ ದಾರಿ ಬಿಡಬಲ್ಲುದು ಎಂಬುದು ಅದರ ಹಿಂದಿನ ವಿಚಾರ. ಮರೆವನ್ನು ಅದು ಹಿಂದಕ್ಕೆ ತಿರುಗಿಸುವುದಿಲ್ಲ.

ಅಂದರೆ ನನ್ನ ಪತ್ರದಲ್ಲಿ ಗ್ರಾಹಕವೂ ಸರಿಯಿರಲಿಲ್ಲ, ಕೀಲಿಯಂತೂ ಪೂರ್ತಿ ತಪ್ಪು. ಅಚ್ಚಿಗೆ ಹೋಗುವ ಮುಂಚೆ ತಿದ್ದಲು ಬಿಟ್ಟರು. 'ಗ್ರಾಹಕ' ತೆಗೆದು 'ನರಕೋಶದ ಮೇಲಿನ ಗ್ರಾಹಿ' ಎಂದೆ. ಬೀಗ-ಕೀಲಿಯ ಸಾಲು ಹೊಡೆದುಹಾಕಿ, ಈ ಔಷಧ ಬಾಗಿಲನ್ನು ತೆಗೆಯುವುದೂ ಇಲ್ಲ, ಹಾಕುವುದೂ ಇಲ್ಲ. ತೆರೆದ ಬಾಗಿಲ ಸಂದಿನಲ್ಲಿ ಸ್ವಲ್ಪ ಹೊತ್ತು ಬೆಣೆಯಂತೆ ನಿಂತು ನುಗ್ಗಾಟವನ್ನು ತಡೆಯುತ್ತದೆ ಎಂದು ಬರೆದೆ. ಕರಡನ್ನು ಮತ್ತೆ ಕುಂದಾಪುರಕ್ಕೆ ಕಳಿಸಿದೆ.

ದೊಡ್ಡಪ್ಪ ಓದಿ ಫೋನ್ ಮಾಡಿದರು. "ಈಗ ಅರ್ಥ ಆಯ್ತು. ದೀಪಾವಳಿ ಸೇಲಿನ ದಿನ ಅಂಗಡಿ ಶಟರನ್ನು ಅರ್ಧ ಇಳಿಸಿ ಹುಡುಗನನ್ನು ನಿಲ್ಲಿಸ್ತಿದ್ದೆವಲ್ಲ, ಹಾಗೆ." ಆಮೇಲೆ ಸ್ವಲ್ಪ ತಡೆದು, ದೊಡ್ಡಮ್ಮ ಇವತ್ತು ಬೆಳಗ್ಗೆ ತನ್ನನ್ನು ಗುರುತಿಸಿ ಹೆಸರು ಹಿಡಿದು ಕರೆದಳು ಎಂದರು. ಮದುವೆಯಾಗಿ ಐವತ್ತೆರಡು ವರ್ಷದಲ್ಲಿ ಅವಳು ಎಂದೂ ಅವರ ಹೆಸರು ಹಿಡಿದು ಕರೆದವಳಲ್ಲ.